ಒಂದೇ ಹಾಡಿನ ಎರಡು ಪ್ಲೇಟು

ಕಾಗದ ಬಂದದ್ದು ಮಂಗಳವಾರ ಬೆಳಿಗ್ಗೆ. ಬಾಗಿಲಿನಲ್ಲಿ ಟಪಾಲು ಹಾಕುವ ಕಿಂಡಿಯಿಂದ ಒಳಗೆ ಬಿದ್ದಿತ್ತು. ಸ್ಟಾಂಪಿಲ್ಲ, ಸಹಿಯಿಲ್ಲ. ಟೈಪ್ ಮಾಡಿ ಕೆಳಗೆ 'ನಿಮ್ಮ ನೆರೆಹೊರೆಯವರು' ಅಂತ ಹಾಕಿದ್ದರು. ನನ್ನ ಅಳಿಯ ಶ್ರೀಹರ್ಷ ಅದನ್ನು ಗ್ಲೌಸು ಹಾಕಿಕೊಂಡು ಎತ್ತಿ, ಡೆಟಾಲ್ ಸಿಂಪಡಿಸಿ, ಒಣಗಿದ ಮೇಲೆ ಓದಿದರು. ಓದಿದವರು ಹಾಗೇ ಕುರ್ಚಿಯಲ್ಲಿ ಕೂತುಬಿಟ್ಟರು.

"ಏನಂತೆ?" ಅಂದೆ.

"ಮಧು ಭಾನುವಾರ ಇಲ್ಲಿಗೆ ಬರಬಾರದಂತೆ ಅತ್ತೆ."

ಮಧುಶ್ರೀ ನನ್ನ ಮಗಳು, ಈ ಪರದೇಶದ ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರು. ಕೊರೊನಾ ವಾರ್ಡಿನಲ್ಲಿ ಡ್ಯೂಟಿ ಬಿದ್ದ ಮೇಲೆ ಮನೆಗೆ ಸೋಂಕು ತರಬಾರದು ಅಂತ ಮಾರ್ಚಿನಲ್ಲೇ ಸೂಟ್‌ಕೇಸ್ ಹಿಡಿದು ಹೊರಟಿದ್ದಳು. ಇನ್ನೊಬ್ಬ ಡಾಕ್ಟರಮ್ಮನ ಜೊತೆ, ನಾಲ್ಕು ಕಿಲೋಮೀಟರ್ ಆಚೆ ಒಂದು ರೂಮಿನಲ್ಲಿದ್ದಳು. ಮಗಳು ಕೃತಿಯನ್ನು ಎರಡು ತಿಂಗಳು ಫೋನಿನಲ್ಲಿ ಮಾತ್ರ ನೋಡಿದಳು. ಮೇ ಹದಿನೆಂಟಕ್ಕೆ ಸರ್ಕಾರ ಸ್ವಲ್ಪ ಸಡಿಲ ಮಾಡಿ, ನಾಲ್ಕು ಜನ ಬಯಲಲ್ಲಿ ಎರಡು ಮೀಟರ್ ದೂರ ನಿಂತು ಮಾತಾಡಬಹುದು ಅಂದಿತು. ಮುಂದಿನ ಭಾನುವಾರವೇ ಮಧು ಬಂದಳು. ಊರಂಚಿನ ಲೂಕನ್‌ನಲ್ಲಿರುವ ನಮ್ಮ ಬಡಾವಣೆಯಲ್ಲಿ ಹದಿನಾರು ಮನೆಗಳು ಕುದುರೆ ಲಾಳದ ಹಾಗೆ ಒಂದು ಹುಲ್ಲುಹಾಸಿನ ಸುತ್ತ ಇವೆ. ಅವಳು ಹುಲ್ಲಿನ ಮೇಲೆ, ನಾವು ಗೇಟಿನ ಹತ್ತಿರ. ಎರಡಲ್ಲ, ನಾಲ್ಕು ಮೀಟರ್ ಬಿಟ್ಟು ನಿಂತಿದ್ದಳು. ಐದು ಗಂಟೆಗೆ ಡ್ಯೂಟಿ ಇತ್ತು, ಇಪ್ಪತ್ತು ನಿಮಿಷ ಇದ್ದು ಹೋದಳು. ತಾಯಿ ಮಗಳು ಮಾತಾಡಿದ್ದಕ್ಕಿಂತ ನೋಡಿದ್ದೇ ಹೆಚ್ಚು.

ಆ ಇಪ್ಪತ್ತು ನಿಮಿಷವೂ ಬೇಡ ಅನ್ನುತ್ತಿತ್ತು ಕಾಗದ. ಆಸ್ಪತ್ರೆಯವರು ಮಕ್ಕಳು ಆಡುವ ಹುಲ್ಲಿನ ಮೇಲೆ ಬರುವುದು ಎಲ್ಲರ ಆರೋಗ್ಯಕ್ಕೆ ಅಪಾಯ, ದಯವಿಟ್ಟು ಅರ್ಥ ಮಾಡಿಕೊಳ್ಳಿ, ಅಂತ. ಮಾರ್ಚಿನಲ್ಲಿ ಇದೇ ಹದಿನಾರು ಮನೆಯವರು ಒಂದು ಸಂಜೆ ಬಾಗಿಲಿಗೆ ಬಂದು ಡಾಕ್ಟರುಗಳಿಗೆ ಚಪ್ಪಾಳೆ ತಟ್ಟಿದ್ದರು. ನಾನೂ ನಿಂತು ನೋಡಿದ್ದೆ.

"ಒಂದೆರಡು ವಾರ ಬರಬೇಡ ಅಂತ ಮಧುಗೆ ಹೇಳೋಣ," ಅಂದರು ಶ್ರೀಹರ್ಷ. "ನಾವು ವರ್ಕ್ ಪರ್ಮಿಟ್ ಮೇಲೆ ಇರೋರು. ಯಾಕೆ ಸುಮ್ಮನೆ?"

"ವರ್ಕ್ ಪರ್ಮಿಟ್‌ನಲ್ಲಿ ಹೆಂಡ್ತಿನ ನೋಡಬಾರದು ಅಂತ ಬರೆದಿದೆಯಾ ಅಳಿಯಂದ್ರೇ?"

"ಹಾಗಲ್ಲ ಅತ್ತೆ..."

"ಹಾಗಾದ್ರೆ ಬರ್ತಾಳೆ."

ಅವರ ಮೇಲೆ ನನಗೆ ಸಿಟ್ಟಿರಲಿಲ್ಲ. ಸಿಟಿ ನಡುವಿನ ಗ್ರ್ಯಾಂಡ್ ಕೆನಾಲ್ ಡಾಕ್‌ನ ದೊಡ್ಡ ಆಫೀಸನ್ನು ಊಟದ ಟೇಬಲ್ಲಿಗೆ ತಂದುಕೊಂಡು, ಹಾಲಿನ ಡಬ್ಬಕ್ಕೂ ಡೆಟಾಲ್ ಹೊಡೆಯುತ್ತ ಕೂತ ಮನುಷ್ಯ. ಹೆದರಿದವರನ್ನು ಬೈದು ಏನೂ ಆಗುವುದಿಲ್ಲ. ಅವರ ಕೈಗೆ ಒಂದು ಕೆಲಸ ಕೊಡಬೇಕು.

ನನ್ನ ಬಗ್ಗೆ ಎರಡು ಮಾತು. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ನನ್ನನ್ನು ಮೈಕ್ ಸೆಟ್ ಜಯಮ್ಮ ಅಂತಾರೆ. ಯಜಮಾನರು ಚಂದ್ರಕಾಂತ ಶುರು ಮಾಡಿದ ಅಂಗಡಿ. ಅವರು ಹೋದ ಮೇಲೆ ಇಪ್ಪತ್ತಾರು ವರ್ಷ ನಾನೇ ನಡೆಸಿದೆ. ಮದುವೆ, ಗಣಪತಿ, ಎಲೆಕ್ಷನ್ನು, ಎಲ್ಲಕ್ಕೂ ಹಾರ್ನು ಕಟ್ಟಿದ್ದೇನೆ. ಫೆಬ್ರವರಿಯಲ್ಲಿ ಮೊಮ್ಮಗಳನ್ನು ನೋಡಲು ಬಂದೆ, ಏಪ್ರಿಲ್‌ನ ವಿಮಾನ ರದ್ದಾಯಿತು, ಇಲ್ಲೇ ಉಳಿದೆ.

ಕೃತಿಗೆ ಹದಿನಾರು ವರ್ಷ. ಇಲ್ಲಿ ಆ ವಯಸ್ಸಿಗೆ ಒಂದು ವರ್ಷ ಪರೀಕ್ಷೆಯಿಲ್ಲದೆ ಬರೀ ಪ್ರಾಜೆಕ್ಟ್ ಮಾಡಿಸುತ್ತಾರೆ. ಇವಳ ಪ್ರಾಜೆಕ್ಟ್ ಹಿಪ್‌ಹಾಪ್ ಹುಟ್ಟಿದ್ದು ಹೇಗೆ ಅಂತ. ಶಾಲೆ ಮುಚ್ಚಿದ್ದರಿಂದ ಕೇಳುವವಳು ನಾನೊಬ್ಬಳೇ. ಅವಳು ಹೇಳುವುದೆಲ್ಲ ಇಂಗ್ಲಿಷಿನಲ್ಲಿ, ಅದೂ ಈ ಊರಿನ ರಾಗದಲ್ಲಿ. ನಾನು ಕನ್ನಡದಲ್ಲೇ ಬರೆಯುತ್ತೇನೆ.

"ನ್ಯೂಯಾರ್ಕಿನ ಬ್ರಾಂಕ್ಸ್ ಅಂತ ಅಜ್ಜಿ. ಸಾವಿರದ ಒಂಬೈನೂರ ಎಪ್ಪತ್ಮೂರು. ಕಪ್ಪು ಜನ, ಪೋರ್ಟೊರಿಕೋದವರು, ಜಮೈಕಾದಿಂದ ಬಂದವರು, ಎಲ್ಲ ಬಡವರು. ಮನೆಗಳು ಸುಟ್ಟುಹೋಗ್ತಿದ್ವು, ಸಿಟಿಯವರು ತಿರುಗಿ ನೋಡ್ತಿರಲಿಲ್ಲ. ದೊಡ್ಡ ಡಿಸ್ಕೋಗಳಿಗೆ ಇವರಿಗೆ ಪ್ರವೇಶ ಇಲ್ಲ. ಒಬ್ಬ ಹುಡುಗಿ ಸ್ಕೂಲಿಗೆ ಹೊಸ ಬಟ್ಟೆ ಬೇಕು ಅಂತ ತನ್ನ ಬಿಲ್ಡಿಂಗಿನ ಕೆಳಗಿನ ಹಾಲಲ್ಲಿ ಟಿಕೆಟ್ ಇಟ್ಟು ಪಾರ್ಟಿ ಮಾಡಿದಳು. ಅವಳ ಅಣ್ಣ ರೆಕಾರ್ಡ್ ಹಾಕಿದ. ಆಮೇಲೆ ಪಾರ್ಕಿಗೆ ಬಂದ್ರು. ಕರೆಂಟು ಎಲ್ಲಿಂದ ತಗೊಂಡ್ರು ಹೇಳಿ?"

"ಬೀದಿ ದೀಪದ ಕಂಬದಿಂದ," ಅಂದೆ.

ಅವಳು ಬಾಯಿ ತೆರೆದು ನನ್ನನ್ನೇ ನೋಡಿದಳು. "ನಿಮಗೆ ಹೇಗೆ ಗೊತ್ತು?"

"ಗಣಪತಿ ಹಬ್ಬಕ್ಕೆ ಇನ್ನೆಲ್ಲಿಂದ ತರ್ತಾರೆ ಮಗಳೇ? ಮುಂದೆ ಹೇಳು."

"ಆ ಹುಡುಗ ಒಂದು ನೋಡಿದ. ಹಾಡು ಪೂರ್ತಿ ಜನ ಸುಮ್ಮನಿರ್ತಾರೆ. ಹಾಡು ನಿಂತು ಬರೀ ಡ್ರಮ್ ಬರುತ್ತಲ್ಲ, ಹತ್ತು ಹದಿನೈದು ಸೆಕೆಂಡು, ಆಗ ಹುಚ್ಚೆದ್ದು ಕುಣೀತಾರೆ. ಅದಕ್ಕೆ ಅವನು ಅದೇ ಹಾಡಿನ ಎರಡು ರೆಕಾರ್ಡ್ ತಂದು..."

"ಒಂದರಲ್ಲಿ ಮುಗಿಯೋ ಹೊತ್ತಿಗೆ ಇನ್ನೊಂದರಲ್ಲಿ ಶುರು ಮಾಡಿದ."

"ಅಜ್ಜಿ! ನೀವು ಗೂಗಲ್ ಮಾಡಿದ್ರಾ?"

ಗೂಗಲ್ ಏನು ಮಾಡಲಿ ನಾನು. ಎಂಬತ್ತರಲ್ಲಿ ಗಣಪತಿ ಬಿಡುವ ದಿನ ಲಾರಿಯ ಮೇಲೆ ಕೂತು ನಮ್ಮ ಯಜಮಾನರು ಮಾಡುತ್ತಿದ್ದದ್ದೇ ಅದು. ಸಿನಿಮಾ ಹಾಡಿನ ನಡುವೆ ತಮಟೆ ಪೀಸು ಬಂದರೆ ಹುಡುಗರು ಲಾರಿ ಮುಂದೆ ಮಲಗಿಬಿಡುತ್ತಿದ್ದರು, ಅದೇ ಮತ್ತೆ ಹಾಕು ಅಂತ. ಒಂದು ಪ್ಲೇಟು ಸವೆದರೆ ಇರಲಿ ಅಂತ ಎರಡೆರಡು ಇಟ್ಟುಕೊಂಡಿದ್ದೆವು. ಅವರು ಪ್ಲೇಟಿನ ನಡುವಿನ ಕಾಗದದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಗೆರೆ ನೋಡಿಕೊಂಡು ಹಿಂದಕ್ಕೆ ತಿರುಗಿಸುತ್ತಿದ್ದರು. ಮುಳ್ಳು ಹಾರದ ಹಾಗೆ ಅದರ ತೋಳಿನ ಮೇಲೆ ನಾಲ್ಕಾಣೆ. ನನಗೂ ಕಲಿಸಿದ್ದರು. ಅದಕ್ಕೊಂದು ಹೆಸರಿದೆ, ಅದರಿಂದ ಒಂದು ಲೋಕವೇ ಹುಟ್ಟಿದೆ ಅಂತ ನಮಗೇನು ಗೊತ್ತು.

"ಆಮೇಲೆ ಮೈಕ್ ಹಿಡಿದವನು ಏನು ಮಾಡ್ತಿದ್ದ?" ಅಂತ ಕೇಳಿದೆ.

"ಬಂದವರ ಹೆಸರು ಕೂಗ್ತಿದ್ದ. ಯಾರು ಬಂದಿದ್ದಾರೆ, ಯಾವ ಬೀದಿಯಿಂದ. ರ‍್ಯಾಪ್ ಬೆಳೆದದ್ದು ಅಲ್ಲಿಂದ."

ಅದೂ ನಮ್ಮ ಕೆಲಸವೇ. ಮದುವೆಯಲ್ಲಿ ಮುಯ್ಯಿ ಕೊಟ್ಟವರ ಹೆಸರನ್ನು ಊರು ಸಮೇತ ಮೈಕಿನಲ್ಲಿ ಕೂಗಿದರೆ, ಮೂಲೆಯಲ್ಲಿ ಕೂತವನೂ ಮೀಸೆ ಸರಿಮಾಡಿಕೊಂಡು ಎದ್ದು ನಿಲ್ಲುತ್ತಿದ್ದ.

ಕಾಗದ ಬಂದ ಸಂಜೆ ಕೃತಿ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಎರಡು ಗಂಟೆ ಬಿಟ್ಟು ಒಂದು ಹಾಳೆ ಹಿಡಿದು ಬಂದಳು. ಕಣ್ಣು ಕೆಂಪಾಗಿತ್ತು.

"ಭಾನುವಾರ ಅಮ್ಮ ಬಂದಾಗ ಇದನ್ನ ಹೇಳ್ತೀನಿ. ಜೋರಾಗಿ. ಒಂಬತ್ತನೇ ಮನೆಯವನಿಗೆ ಕೇಳಬೇಕು."

ಒಂಬತ್ತನೇ ಮನೆಯ ಕೀಗನ್ ಅಂದರೆ ಮುಖ ಗಂಟು ಹಾಕಿಕೊಂಡೇ ಹುಟ್ಟಿದವನು. ಮಕ್ಕಳ ಚೆಂಡು ಕಾರಿಗೆ ತಗುಲಿದರೆ ಒಂದು ವಾರ ಗೊಣಗುತ್ತಿದ್ದ. ಹಾಳೆಯಲ್ಲಿ ಅವನ ಬೋಳುತಲೆ, ಕಾರು, ನಾಯಿ, ಯಾವುದನ್ನೂ ಅವಳು ಬಿಟ್ಟಿರಲಿಲ್ಲ. ಪ್ರಾಸ ಚೆನ್ನಾಗಿತ್ತು, ಅದು ಬೇರೆ ಮಾತು.

"ಅವನೇ ಅಂತ ಹೇಗೆ ಗೊತ್ತು?"

"ಇನ್ಯಾರು ಅಜ್ಜಿ?"

"ಗೊತ್ತಿಲ್ಲದೆ ಹೆಸರು ಹಿಡಿದು ಬೈಯೋದು ಮೈಕಿನ ಕೆಲಸ ಅಲ್ಲ. ಕೇಳು. ಒಂದು ಸಲ ನಮ್ಮ ಬೀದಿ ಮದುವೇಲಿ ಯಾರೋ ಶಾಮಿಯಾನದ ಹಗ್ಗ ಕೊಯ್ದುಬಿಟ್ಟರು. ನಿಮ್ಮ ತಾತ ಕೂಗಾಡಲಿಲ್ಲ. ಮೈಕ್ ತಗೊಂಡು ಬೀದಿಯ ಒಂದೊಂದು ಮನೆ ಯಜಮಾನರ ಹೆಸರನ್ನೂ ಮರ್ಯಾದೆಯಿಂದ ಕರೆದು, ದಯಮಾಡಿ ಬಂದು ಊಟ ಮಾಡಿ ಅಂದರು. ಎಲ್ಲರೂ ಬಂದರು. ಒಬ್ಬ ಮಾತ್ರ ಎಲೆ ಮುಂದೆ ತಲೆ ಎತ್ತಲಿಲ್ಲ."

"ಸೋ?"

"ಹೆಸರಿಲ್ಲದ ಕಾಗದ ಬರೆದೋರನ್ನ ಹೊರಗೆ ತರಬೇಕು ಅಂದ್ರೆ ಎಲ್ಲರ ಹೆಸರನ್ನೂ ಕೂಗಬೇಕು."

"ಅದು ಡಿಸ್ ಮಾಡೋದಕ್ಕಿಂತ, ಅಂದ್ರೆ ಹೆಸರು ಹಿಡಿದು ಬೈಯೋದಕ್ಕಿಂತ, ಡೇಂಜರ್ ಅಜ್ಜಿ," ಅಂದು ನಕ್ಕಳು.

ಸಾಮಾನು ಬೇಕಲ್ಲ. ಪಕ್ಕದ ಮನೆಯ ನೋಯೆಲ್ ಬ್ರೆನ್ನನ್‌ಗೆ ಎಪ್ಪತ್ತೆರಡು ವರ್ಷ. ಹಿತ್ತಲ ಗೋಡೆಯ ಆಚೆ ಅವರು ಟೊಮೆಟೊ, ಈಚೆ ನಾನು ಮೆಂತ್ಯ. ಹಿಂದೆ ವ್ಯಾನಿನಲ್ಲಿ ಡಿಸ್ಕೋ ಇಟ್ಟುಕೊಂಡು ಮದುವೆಗಳಿಗೆ ಹೋಗುತ್ತಿದ್ದೆ ಅಂತ ಏಪ್ರಿಲ್‌ನಲ್ಲೇ ಹೇಳಿದ್ದರು. ಅವತ್ತಿನಿಂದ ನಾವು ಒಂದೇ ಕಸುಬಿನವರು. ಬುಧವಾರ ಕಾಗದ ತೋರಿಸಿದೆ. ಓದಿ ಅವರ ಮುಖ ಕೆಂಪಾಯಿತು.

"ಇದನ್ನ ನನ್ನ ಹೆಸರಲ್ಲೂ ಬರೆದಿದ್ದಾರಲ್ಲ. ನೆರೆಹೊರೆಯವರು ಅಂದ್ರೆ ನಾನೂ ತಾನೆ?" ಅಂದರು. "ಏನು ಬೇಕು ಹೇಳಿ."

"ಎರಡು ಟರ್ನ್‌ಟೇಬಲ್ಲು, ಅವುಗಳ ನಡುವೆ ಇಡೋ ಮಿಕ್ಸರು, ಒಂದು ಮೈಕು, ಒಂದು ಸ್ಪೀಕರ್ ಬಾಕ್ಸು. ಡ್ರಮ್ ಪೀಸು ಇರೋ ಹಾಡು ಯಾವುದಾದರೂ, ಎರಡು ಪ್ಲೇಟು."

"ಒಂದೇ ಹಾಡಿನದಾ?"

"ನೀವು ಒಂದೇ ಇಟ್ಕೊಂಡಿದ್ರಾ?"

ಅವರು ಗಟ್ಟಿಯಾಗಿ ನಕ್ಕರು. "ಯಾವನಾದರೂ ಕುಡುಕ ಬಿಯರ್ ಚೆಲ್ಲಿದರೆ? ಎರಡೆರಡು ಇರ್ತಿತ್ತು. ಗ್ರ್ಯಾಂಡ್, ಆಗಲಿ. ಶೆಡ್‌ನಲ್ಲಿವೆ."

ಗೋಡೆಯ ಮೇಲಿಟ್ಟು ಅವರು ದೂರ ಸರಿದರು, ನಾನು ಹೋಗಿ ಎತ್ತಿಕೊಂಡೆ. ಮನೆಯೊಳಗೆ ಬರುವಷ್ಟರಲ್ಲಿ ಶ್ರೀಹರ್ಷ ಡೆಟಾಲ್ ಬಾಟಲಿ ಹಿಡಿದು ನಿಂತಿದ್ದರು. ಬೇಡ ಅನ್ನುವುದರೊಳಗೆ ಪ್ಲೇಟಿನ ಹೊದಿಕೆಗೆ ಸಿಂಪಡಿಸಿಯೇಬಿಟ್ಟರು. ರಟ್ಟು ನೆನೆದು ಪ್ಲೇಟಿಗೆ ಅಂಟಿಕೊಂಡಿತು.

"ಅಳಿಯಂದ್ರೇ, ಇದು ಹಾಡೋ ಸಾಮಾನು. ಇದಕ್ಕೆ ಕೆಮ್ಮು ಬರಲ್ಲ."

ಪಾಪ, ಅವರೇ ಕೂತು ಕನ್ನಡಕದ ಬಟ್ಟೆಯಲ್ಲಿ ಅರ್ಧ ಗಂಟೆ ಉಜ್ಜಿ ಬಿಡಿಸಿದರು. ಆಮೇಲೆ ಬಾಕ್ಸಿನ ವೈರು ಎಲ್ಲಿ ಹೋಗಬೇಕು ಅಂತ ಕೇಳಿದರು. ನಾನು ಹೇಳಲಿಲ್ಲ. ತಾವೇ ಹುಡುಕಿ ಹಾಕಿದರು. ಎರಡು ತಿಂಗಳಲ್ಲಿ ಅವರು ಲ್ಯಾಪ್‌ಟಾಪ್ ಬಿಟ್ಟು ಇನ್ನೊಂದು ಯಂತ್ರ ಮುಟ್ಟಿದ್ದು ಅದೇ ಮೊದಲು.

ಶುಕ್ರವಾರ ನಾನು ನಮ್ಮ ಮನೆ ಎದುರಿನ ದೀಪದ ಕಂಬದ ಬುಡದಲ್ಲಿ ಕೂತು ಅದರ ಸಣ್ಣ ಬಾಗಿಲನ್ನು ನೋಡುತ್ತಿದ್ದೆ. ಕೃತಿ ಓಡಿ ಬಂದಳು. "ಅಜ್ಜಿ, ನೋ! ಅರೆಸ್ಟ್ ಮಾಡ್ತಾರೆ!"

"ನೋಡಿದರೆ ಅರೆಸ್ಟ್ ಮಾಡ್ತಾರಾ? ಬೀಗ ಚೆನ್ನಾಗಿ ಹಾಕಿದ್ದಾರೆ," ಅಂದೆ. ಅಡಿಗೆಮನೆಯ ಕಿಟಕಿಯಿಂದ ಎಕ್ಸ್‌ಟೆನ್ಷನ್ ವೈರು ಎಳೆದೆವು.

ಹೆಸರುಗಳ ಪಟ್ಟಿಯನ್ನು ಬ್ರೆನ್ನನ್ ಹೇಳಿದರು, ನಾನು ಕನ್ನಡದಲ್ಲಿ ಬರೆದುಕೊಂಡೆ. ಒಂದೊಂದು ಹೆಸರನ್ನೂ ಅವರ ಬಾಯಲ್ಲಿ ಮೂರು ಸಲ ಕೇಳಿ, ನಾನು ಹೇಳಿ ಒಪ್ಪಿಸಿದೆ. ಹೆಸರು ತಪ್ಪಿದರೆ ಕೂಗಿದ್ದು ದಂಡ.

ಭಾನುವಾರ ಬಿಸಿಲು ಚೆನ್ನಾಗಿತ್ತು. ಮೂರೂವರೆಗೆ ಡ್ರೈವ್‌ವೇಯಲ್ಲಿ ಟೇಬಲ್ ಹಾಕಿ ಎಲ್ಲ ಜೋಡಿಸಿದೆ. ಬಾಕ್ಸನ್ನು ಹೊತ್ತು ತಂದವರು ಶ್ರೀಹರ್ಷ. ಇಸ್ತ್ರಿ ಮಾಡಿದ ಷರಟು ಹಾಕಿದ್ದರು.

"ನಾಲ್ಕೇ ಜನ ಅತ್ತೆ. ನಾನು, ನೀವು, ಕೃತಿ, ಮಧು. ರೂಲ್ಸ್ ಪ್ರಿಂಟ್ ತೆಗೆದಿಟ್ಟಿದ್ದೀನಿ, ಯಾರಾದ್ರೂ ಕೇಳಿದ್ರೆ," ಅಂದರು. ಜೇಬಿನಲ್ಲಿ ಮಡಚಿದ ಕಾಗದ ಕಾಣುತ್ತಿತ್ತು.

ನಾಲ್ಕಕ್ಕೆ ಸರಿಯಾಗಿ ಮಧುವಿನ ಕಾರು ಬಂತು. ಮಾಸ್ಕಿನ ಗೆರೆ ಕೆನ್ನೆಯ ಮೇಲೆ ಹಾಗೇ ಉಳಿದುಬಿಟ್ಟಿತ್ತು. ಹುಲ್ಲಿನ ಮೇಲೆ ತನ್ನ ಜಾಗಕ್ಕೆ ಬಂದು ನಿಂತು ಟೇಬಲ್ ನೋಡಿದಳು.

"ಅಮ್ಮ, ಏನಿದು? ಯಾರ ಮದುವೆ?"

ಕಾಗದದ ವಿಷಯ ಅವಳಿಗೆ ಹೇಳಿರಲಿಲ್ಲ. ಈಗಲೂ ಹೇಳದೆ ಮೈಕ್ ಎತ್ತಿಕೊಂಡೆ. ಉಗುರಿನಿಂದ ಎರಡು ಸಲ ತಟ್ಟಿದೆ. ಸೌಂಡು ಹದವಾಗಿಟ್ಟಿದ್ದೆ. ಜೋರು ಮಾಡಿದರೆ ಜನ ಕಿವಿ ಮುಚ್ಚುತ್ತಾರೆ, ಹದವಾಗಿದ್ದರೆ ಕಿಟಕಿ ತೆರೆಯುತ್ತಾರೆ.

"ಗುಡ್ ಆಫ್ಟರ್‌ನೂನ್," ಅಂದೆ ನನ್ನ ಇಂಗ್ಲಿಷಿನಲ್ಲಿ. "ನಂಬರ್ ಒನ್, ಮಿಸ್ಟರ್ ಅಂಡ್ ಮಿಸೆಸ್ ಡಾಯ್ಲ್, ನಮಸ್ಕಾರ. ದಯವಿಟ್ಟು ನಿಮ್ಮ ಬಾಗಿಲಿಗೆ ಬನ್ನಿ. ನಂಬರ್ ಟೂ, ಮಿಸ್ ಕಾನ್ಲನ್, ನಮಸ್ಕಾರ..."

ಒಂದೊಂದೇ ಬಾಗಿಲು ತೆರೆಯಿತು. ತಮ್ಮ ಹೆಸರು ಕೇಳಿಯೂ ಒಳಗೆ ಕೂರುವುದು ಯಾವ ದೇಶದವರಿಗೂ ಕಷ್ಟ. ಒಂಬತ್ತನೇ ಮನೆಯ ಕೀಗನ್ ನಾಯಿಯ ಸಮೇತ ಬಂದು ಕೈಕಟ್ಟಿ ನಿಂತ. ಹನ್ನೆರಡನೇ ಮನೆಯ ಮೊರೀನ್ ಏಪ್ರನ್‌ನಲ್ಲೇ ಬಂದಳು. ಈಸ್ಟರಿಗೆ ನಮಗೆ ಬ್ರೆಡ್ ಮಾಡಿ ಕೊಟ್ಟವಳು, ಮಾರ್ಚಿನಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು. ಎಲ್ಲ ಮನೆಯೂ ಮುಗಿದ ಮೇಲೆ ನಾನು ಮಗಳ ಕಡೆ ಕೈ ತೋರಿಸಿದೆ.

"ಇವಳು ನನ್ನ ಮಗಳು, ಡಾಕ್ಟರ್ ಮಧುಶ್ರೀ. ವಾರಕ್ಕೊಮ್ಮೆ ಇಪ್ಪತ್ತು ನಿಮಿಷ ತನ್ನ ಮಗಳನ್ನ ನೋಡ್ತಾಳೆ. ಅವಳು ಬರಬಾರದು ಅಂತ ಒಂದು ಕಾಗದ ಬಂದಿದೆ, ನಿಮ್ಮೆಲ್ಲರ ಹೆಸರಲ್ಲಿ. ಬೇಡ ಅನ್ನೋರು ಕೈ ಎತ್ತಿ. ನನಗೆ ಕೋಪ ಇಲ್ಲ. ಹೆಸರು ಬೇಕು, ಅಷ್ಟೆ."

ಕೀಗನ್‌ನ ನಾಯಿ ಒಂದು ಸಲ ಬೊಗಳಿತು. ಆಮೇಲೆ ಒಂದು ಕೈ ಮೇಲೆದ್ದಿತು. ಮೊರೀನ್.

"ನಾನು," ಅಂದಳು. "ನಾನೇ ಬರೆದದ್ದು. ನನ್ನ ಗಂಡನ ಶ್ವಾಸಕೋಶ..."

ನಾನು ಮೈಕಿನ ಸ್ವಿಚ್ ಆಫ್ ಮಾಡಿದೆ. ಮನೆಯೊಳಗಿನ ಸಂಕಟದ ಮಾತನ್ನು ಬಾಕ್ಸಿನಲ್ಲಿ ಬಿಡಬಾರದು. ಅವಳ ಹಿಂದೆ ಬಾಗಿಲ ಸಂದಿಯಲ್ಲಿ ಆಕ್ಸಿಜನ್ ನಳಿಗೆಯ ಒಬ್ಬ ಮುದುಕರು ಕಂಡರು. ಮೂರು ತಿಂಗಳಲ್ಲಿ ನಾನು ಅವರನ್ನು ನೋಡಿಯೇ ಇರಲಿಲ್ಲ.

"ನೀವು ಒಳ್ಳೆಯವರು, ನನಗೆ ಗೊತ್ತು," ಅಂದಳು ಮೊರೀನ್ ಹುಲ್ಲಿನ ಆಚೆಯಿಂದ ಮಧುವಿಗೆ. "ಆದರೂ ನೀವು ಬರದಿದ್ದರೆ ನನಗೆ ನಿದ್ದೆ ಬರುತ್ತೆ."

ಮಧುವಿನ ಮುಖ ನೋಡಿದೆ. ವಾರ್ಡಿನಲ್ಲಿ ಏನೇನು ಕಂಡರೂ ಕುಗ್ಗದವಳು ಅಲ್ಲಿ ಕುಗ್ಗಿಬಿಟ್ಟಳು. ಕಾರಿನ ಬೀಗದ ಕೈ ತೆಗೆದಳು.

"ಹೋಗ್ತೀನಿ ಅಮ್ಮ. ಅವರ ಮನೇಲಿ ಪೇಷೆಂಟ್ ಇದ್ದಾರೆ. ನಾನೇ ಹೀಗೆ ನಿಂತ್ಕೊಂಡ್ರೆ..."

"ನಿನ್ನ ಗಾಳಿ ಅಲ್ಲಿಗೆ ತಲುಪುತ್ತಾ? ಡಾಕ್ಟರ್ ನೀನು, ಹೇಳು."

"ಇಲ್ಲ. ಐವತ್ತು ಮೀಟರ್ ಇದೆ. ಏನೂ ಆಗಲ್ಲ."

"ಹಾಗಾದ್ರೆ ಅವಳಿಗಿರೋದು ಭಯ, ನಿನಗಿರೋದು ಮಗಳು. ಭಯಕ್ಕೆ ಮರ್ಯಾದೆ ಕೊಡೋಣ, ಹುಲ್ಲು ಬಿಟ್ಟುಕೊಡೋದು ಬೇಡ."

ಅವಳು ಕೃತಿಯ ಕಡೆ ನೋಡಿದಳು. ಕೃತಿ ಹಾಳೆ ಹಿಡಿದು ಟೇಬಲ್ಲಿನ ಪಕ್ಕ ನಿಂತಿದ್ದಳು.

"ಒಂದು ಹಾಡು," ಅಂದಳು ಮಧು. "ಕೃತಿ ಏನೋ ತಯಾರಿ ಮಾಡಿದಾಳಲ್ಲ. ಈ ಹಾಡು ಮುಗಿದ ತಕ್ಷಣ ಹೋಗ್ತೀನಿ."

"ಆಯ್ತು," ಅಂದೆ. "ಹಾಡು ಮುಗಿದ ತಕ್ಷಣ."

ಮುಳ್ಳು ಇಳಿಸಿದೆ. ಹಾಡು ಒಂದು ನಿಮಿಷ ಓಡಿ ಡ್ರಮ್ ಪೀಸು ಬಂತು. ಹದಿನಾಲ್ಕು ಸೆಕೆಂಡು. ಮುಗಿಯುವ ಹೊತ್ತಿಗೆ ನಡುವಿನ ಮಿಕ್ಸರಿನ ಗುಬುಟನ್ನು ಆ ಕಡೆ ತಳ್ಳಿದೆ, ಎರಡನೇ ಪ್ಲೇಟಿನಲ್ಲಿ ಅದೇ ಡ್ರಮ್. ಅದು ಓಡುವಾಗ ಮೊದಲನೆಯದನ್ನು ಗೆರೆ ನೋಡಿ ಹಿಂದಕ್ಕೆ ತಿರುಗಿಸಿದೆ. ಮತ್ತೆ ಈ ಕಡೆ. ಮತ್ತೆ ಆ ಕಡೆ. ಕೃತಿ ಹಾಳೆಯನ್ನು ಜೇಬಿಗೆ ತುರುಕಿದಳು. ಕೀಗನ್‌ನ ಬೋಳುತಲೆಯೆಲ್ಲ ಅದರಲ್ಲೇ ಹೋಯಿತು. ಮೈಕ್ ಹಿಡಿದು, ಯಾವತ್ತೂ ನನಗೆ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದವಳು, ಕನ್ನಡದಲ್ಲಿ ಶುರು ಮಾಡಿದಳು.

"ಅಮ್ಮ ಬರ್ತಾಳೆ, ಬಂದೇ ಬರ್ತಾಳೆ,
ಹುಲ್ಲಿನ ಮೇಲೆ ನಿಂತೇ ನಿಲ್ತಾಳೆ!
ನಾಲ್ಕು ಮೀಟರ್ ಆಚೆ ಇದ್ರೂನು
ನನ್ನ ನೋಡ್ತಾಳೆ, ನೋಡ್ತಾನೇ ಇರ್ತಾಳೆ!"

ಆಮೇಲೆ ಇಂಗ್ಲಿಷಿಗೆ ಹೊರಳಿದಳು. ಪೂರ್ತಿ ನನಗೆ ತಿಳಿಯಲಿಲ್ಲ. ಹದಿನಾರು ಮನೆಯ ನಂಬರುಗಳು ಬಂದವು, ಸೂಟ್‌ಕೇಸ್ ಬಂತು, ಚಪ್ಪಾಳೆ ಬಂತು, ಹನ್ನೆರಡನೇ ಮನೆಯ ಬ್ರೆಡ್ಡೂ ಬಂತು. ಬೈಗುಳ ಇರಲಿಲ್ಲ. ಬೇಡಿಕೊಳ್ಳುವುದೂ ಇರಲಿಲ್ಲ. ಬ್ರೆನ್ನನ್ ಗೋಡೆಯ ಮೇಲೆ ತಾಳ ಹಾಕುತ್ತಿದ್ದರು. ಕೀಗನ್ ಒಳಗೆ ಹೋದ. ಮುಗಿಯಿತು, ಪೊಲೀಸಿಗೆ ಫೋನು ಅಂದುಕೊಂಡೆ. ಅವನು ಮಡಚುವ ಕುರ್ಚಿ ತಂದು ಹಾಕಿಕೊಂಡು ಕೂತ.

"ಹುಡುಗಿಯ ಮಾತು ಕೇಳಿಸ್ತಿಲ್ಲ. ಸ್ವಲ್ಪ ಜೋರು ಮಾಡಿ!" ಅಂತ ಗದರಿದ.

ಶ್ರೀಹರ್ಷ ಹೋಗಿ ಜೋರು ಮಾಡಿದರು.

ಡ್ರಮ್ ನಿಲ್ಲಲಿಲ್ಲ, ನಿಲ್ಲಲು ನಾನು ಬಿಡಲಿಲ್ಲ. ಬಲಗೈಯ ಗೆಣ್ಣುಗಳಲ್ಲಿ ವಾತ ನನಗೆ. ಹತ್ತು ನಿಮಿಷಕ್ಕೆ ಬೆರಳು ಉರಿಯತೊಡಗಿದವು. ಹದಿನೈದಕ್ಕೆ ಒಮ್ಮೆ ಗೆರೆ ತಪ್ಪಿ ಮುಳ್ಳು ಕಿರ್ರ್ ಅಂತು, ಕೃತಿ ಅದನ್ನೂ ತಾಳಕ್ಕೆ ಸೇರಿಸಿಕೊಂಡು ಮುಂದೆ ಹೋದಳು. ಹೇಳುವುದು ಖಾಲಿಯಾದಾಗ ಅವಳು ಅಮ್ಮನ ಎದುರು ಕುಣಿಯಲು ಶುರು ಮಾಡಿದಳು. ಮಧು ಹುಲ್ಲಿನ ಮೇಲೆ, ಇವಳು ಗೇಟಿನ ಈಚೆ, ನಡುವೆ ನಾಲ್ಕು ಮೀಟರ್. ಮಧುವಿನ ಕೈಯಿಂದ ಬೀಗದ ಕೈ ಯಾವಾಗಲೋ ಕೆಳಗೆ ಬಿದ್ದಿತ್ತು.

ಕೊನೆಗೆ ಅವಳು ಗಡಿಯಾರ ನೋಡಿ, ಕಣ್ಣೊರಸಿಕೊಂಡು ನಕ್ಕಳು. "ಅಮ್ಮಾ! ನಾಲ್ಕೂ ಇಪ್ಪತ್ತೆಂಟು. ಡ್ಯೂಟಿ ಇದೆ ಕಣೇ. ಮುಗಿಸು ಆ ಹಾಡನ್ನ!"

"ಮುಗಿದ ಮೇಲೆ ಹೋಗ್ತೀನಿ ಅಂದೋಳು ನೀನು," ಅಂದೆ. "ಮುಂದಿನ ಭಾನುವಾರ?"

ಅವಳು ಹನ್ನೆರಡನೇ ಮನೆಯ ಕಡೆ ನೋಡಿದಳು. ಮೊರೀನ್ ಬಾಗಿಲು ಹಾಕಿಕೊಂಡು ಎಷ್ಟೋ ಹೊತ್ತಾಗಿತ್ತು.

"ನಾಲ್ಕು ಗಂಟೆಗೆ," ಅಂದಳು ಮಧು.

ಆಗ ಗುಬುಟಿನಿಂದ ಕೈ ತೆಗೆದೆ. ಹಾಡು ತನ್ನ ಪಾಡಿಗೆ ಕೊನೆಯವರೆಗೂ ಓಡಿತು.

ಮಂಗಳವಾರ ಬೆಳಿಗ್ಗೆ ಕಿಂಡಿ ಮತ್ತೆ ಸದ್ದು ಮಾಡಿತು. ಶ್ರೀಹರ್ಷ ಗ್ಲೌಸು ಹುಡುಕುವಷ್ಟರಲ್ಲಿ ನಾನೇ ಬರಿಗೈಯಲ್ಲಿ ಎತ್ತಿಕೊಂಡೆ. ಈ ಸಲ ಕೈಬರಹ. ಕೃತಿ ಓದಿ ಹೇಳಿದಳು. ಭಾನುವಾರ ನಾಲ್ಕಕ್ಕೆ ಗಂಡನನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋಗುತ್ತೇನೆ, ನನಗೆ ಇದು ಈಗಲೂ ಇಷ್ಟವಿಲ್ಲ, ನಾಲ್ಕೂ ಮುಕ್ಕಾಲರ ಮೇಲೆ ಒಂದು ನಿಮಿಷವೂ ಬೇಡ. ಕೆಳಗೆ ಹೆಸರಿತ್ತು. ಮೊರೀನ್, ನಂಬರ್ ಹನ್ನೆರಡು.

ಬೇಡ ಅಂದಿದ್ದ ಇಪ್ಪತ್ತು ನಿಮಿಷಕ್ಕೆ ಈಗ ಮುಕ್ಕಾಲು ಗಂಟೆಯ ಒಪ್ಪಿಗೆ. ನಾನು ಅಡಿಗೆಮನೆಗೆ ಹೋಗಿ ಬೆರಳುಗಳಿಗೆ ಹರಳೆಣ್ಣೆ ಬಿಸಿಗಿಟ್ಟೆ.